ಆಂಬರಿನೊಳಗಿನ ಪುರಾತನ ಕೀಟಕ್ಕೆ ಸಿ.ಟಿ. ಸ್ಕ್ಯಾನ್: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಆಂಬರಿನಲ್ಲಿ ಹುದುಗಿದ ಕೀಟ ಬರಿಗಣ್ಣಿಗೇ ಕಾಣುತ್ತದೆ. ಆದರೆ ಅದು ಯಾವ ಕುಟುಂಬದ್ದು, ಯಾವ ಪ್ರಭೇದದ್ದು ಎಂದು ನಿರ್ಧರಿಸಲು ಬೇಕಾದ ಭಾಗ ಮಾತ್ರ ಬಹಳ ಸಲ ಕಾಣುವುದಿಲ್ಲ. ಬಾಯಿಯ ಭಾಗಗಳ ಮೇಲೆ ಮುಂಗಾಲು ಮಡಚಿಕೊಂಡಿರುತ್ತದೆ. ಉದರದ ತುದಿಗೆ ಗಾಳಿಗುಳ್ಳೆಯೊಂದು ಅಂಟಿರುತ್ತದೆ. ಬಾಲ್ಟಿಕ್ ಆಂಬರಾದರೆ ದೇಹದ ಒಂದು ಪಕ್ಕವನ್ನು ಅತಿಸೂಕ್ಷ್ಮ ಗುಳ್ಳೆಗಳ ಬಿಳಿ ಪೊರೆ ಮುಚ್ಚಿರುವುದೂ ಉಂಟು. ಹಿಂದೆ ಇದಕ್ಕಿದ್ದ ದಾರಿ ತುಂಡನ್ನು ಬೇಕಾದ ಕೋನದಲ್ಲಿ ಕೊಯ್ದು ಉಜ್ಜುವುದು. ಹಾಗೆ ಕೊಯ್ದಾಗ ಪಕ್ಕದಲ್ಲಿದ್ದ ಇನ್ನೊಂದು ಪುಟ್ಟ ಜೀವಿ ಪುಡಿಯಾಗಿ ಹೋಗುತ್ತಿತ್ತು, ಹೋದದ್ದು ಏನೆಂದು ತಿಳಿಯುತ್ತಲೂ ಇರಲಿಲ್ಲ.

ಮೈಕ್ರೊ-ಸಿ.ಟಿ. ಸ್ಕ್ಯಾನ್ ಈ ಕೊಯ್ತವನ್ನು ಬಹುಮಟ್ಟಿಗೆ ತಪ್ಪಿಸಿದೆ. ತುಂಡನ್ನು ಎಕ್ಸ್-ರೇ ಮೂಲದ ಮುಂದೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಸಾವಿರಾರು ನೆರಳುಚಿತ್ರಗಳನ್ನು ತೆಗೆದು, ಅವುಗಳಿಂದ ಒಳಗಿನ ಮೂರು ಆಯಾಮದ ರಚನೆಯನ್ನು ಗಣಕದಲ್ಲಿ ಕಟ್ಟುವ ವಿಧಾನ ಇದು. ಕೀಟಶಾಸ್ತ್ರದ ವಿದ್ಯಾರ್ಥಿಗಳು, ವಸ್ತುಸಂಗ್ರಹಾಲಯದ ಸಿಬ್ಬಂದಿ, ಒಳ್ಳೆಯ ಮಾದರಿಯೊಂದು ಕೈಗೆ ಬಂದಿರುವ ಸಂಗ್ರಾಹಕರು ಮೊದಲ ಸ್ಕ್ಯಾನಿಗೆ ಹೊರಡುವಾಗ ತಿಳಿದಿರಬೇಕಾದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲು ತಿಳಿಯಬೇಕಾದದ್ದು: ಯಂತ್ರಕ್ಕೆ ಕಾಣುವುದೇನು?

ಸ್ಕ್ಯಾನರಿಗೆ ಕೀಟ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಎಕ್ಸ್-ರೇ ಎಲ್ಲಿ ಹೆಚ್ಚು ಹೀರಲ್ಪಟ್ಟಿತು, ಎಲ್ಲಿ ಕಡಿಮೆ ಎಂಬುದು ಮಾತ್ರ. ಆಂಬರ್ ಎಂದರೆ ಗಟ್ಟಿಯಾಗಿ ಪಳೆಯುಳಿಕೆಯಾದ ಮರದ ರಾಳ. ಅದರಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ; ಸಾಂದ್ರತೆ ಘನ ಸೆಂಟಿಮೀಟರಿಗೆ 1.05ರಿಂದ 1.10 ಗ್ರಾಂ, ಅಂದರೆ ನೀರಿಗಿಂತ ತುಸುವೇ ಹೆಚ್ಚು. ಕೀಟದ ಹೊರಕವಚದ ಕೈಟಿನ್ ಕೂಡ ಹೆಚ್ಚುಕಡಿಮೆ ಇವೇ ಹಗುರ ಮೂಲವಸ್ತುಗಳಿಂದ ಆದದ್ದು. ಹಾಗಾಗಿ ರಾಳದಲ್ಲಿ ಕವಚವನ್ನು ಹುಡುಕುವುದೆಂದರೆ ಬಿಳಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದನ್ನು ಓದಿದ ಹಾಗೆ.

ಆದರೂ ಎಷ್ಟೋ ಸ್ಕ್ಯಾನುಗಳು ಸ್ಫುಟವಾಗಿ ಬರುತ್ತವಲ್ಲ, ಹೇಗೆ? ಎಷ್ಟೋ ಆಂಬರ್ ಕೀಟಗಳ ಒಳಗು ಟೊಳ್ಳಾಗಿರುವುದೇ ಕಾರಣ. ಮೆದು ಅಂಗಾಂಶ ಒಣಗಿ ಕುಗ್ಗಿ, ಕೀಟದ ಆಕಾರದ ಒಂದು ಪೊಳ್ಳು ಉಳಿದಿರುತ್ತದೆ. ಅದರ ಗೋಡೆಗೆ ಕವಚದ ತೆಳು ಪದರ ಅಂಟಿರುತ್ತದೆ. ಗಾಳಿಗೂ ರಾಳಕ್ಕೂ ಇರುವ ಸಾಂದ್ರತೆಯ ಅಂತರ ದೊಡ್ಡದು, ಆದ್ದರಿಂದ ಆ ಪೊಳ್ಳು ಕಪ್ಪಾಗಿ ಎದ್ದು ಕಾಣುತ್ತದೆ. ಇನ್ನು ಕೆಲವು ಮಾದರಿಗಳಲ್ಲಿ ಪೊಳ್ಳಿನೊಳಗೆ ಪೈರೈಟ್‌ನಂಥ ಖನಿಜ ಸೇರಿರುತ್ತದೆ. ಅಲ್ಲಿ ಕೀಟ ಕಣ್ಣು ಕುಕ್ಕುವಷ್ಟು ಬಿಳುಪಾಗಿ ಬರುತ್ತದೆ, ಸುತ್ತ ಗೆರೆಗೆರೆಯಾದ ದೋಷಗಳನ್ನೂ ತರುತ್ತದೆ. ಮೂರನೆಯ ಬಗೆ ತೊಂದರೆಯದು: ದೇಹದೊಳಕ್ಕೂ ರಾಳ ನುಗ್ಗಿ ಎಲ್ಲವೂ ಒಂದೇ ಸಾಂದ್ರತೆಯಾಗಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಅತ್ಯಂತ ಸುಂದರವಾಗಿ ಕಾಣುವ ಕೀಟ ಸ್ಕ್ಯಾನಿನಲ್ಲಿ ಮಾಯವಾಗುವುದು ಇಂಥ ಕಡೆಯೇ. ಹೊರನೋಟದಿಂದ ಒಳಗಿನ ಸ್ಥಿತಿಯನ್ನು ಊಹಿಸಲಾಗದು ಎಂಬ ಮಾತನ್ನು ಮುಂದಿನ ಎಲ್ಲ ಹಂತಗಳಲ್ಲಿ ಮನಸ್ಸಿನಲ್ಲಿಟ್ಟುಕೊಳ್ಳಿ.

ಹಂತ 1: ಪ್ರಶ್ನೆಯನ್ನು ಬರೆದಿಡಿ

"ಸ್ಕ್ಯಾನ್ ಮಾಡಿ ನೋಡೋಣ, ಏನು ಸಿಗುತ್ತದೋ" ಎಂದು ಹೊರಟರೆ ಸಿಗುವುದು ತುಂಬಿದ ಹಾರ್ಡ್ ಡಿಸ್ಕ್ ಮಾತ್ರ. ಗಂಡು ಜನನಾಂಗದ ಆಕಾರ ಬೇಕೆ? ಕುಡಿಮೀಸೆಯಲ್ಲಿ ಎಷ್ಟು ಗೆಣ್ಣುಗಳಿವೆ ಎಂಬುದು ಬೇಕೆ? ದವಡೆಯ ಹಲ್ಲುಗಳ ಸಂಖ್ಯೆ ಬೇಕೆ? ಬೇಕಾದ ಭಾಗ ಎಷ್ಟು ಮೈಕ್ರೊಮೀಟರ್ ಅಗಲವಿದೆ ಎಂದು ಅದರ ಇಂದಿನ ಬಂಧುಗಳನ್ನು ನೋಡಿ ಅಂದಾಜಿಸಿ. ಯಂತ್ರದ ಆಯ್ಕೆ, ಸಮಯ, ವೆಚ್ಚ ಎಲ್ಲವೂ ಆ ಒಂದು ಸಂಖ್ಯೆಯ ಮೇಲೆ ನಿಂತಿವೆ.

ಲೆಕ್ಕ ಸರಳ. ಸ್ಕ್ಯಾನಿನ ಅತಿ ಚಿಕ್ಕ ಘನಾಕಾರದ ಘಟಕಕ್ಕೆ ವೋಕ್ಸೆಲ್ ಎನ್ನುತ್ತಾರೆ. ನೆರಳನ್ನು ಹಿಡಿಯುವ ಫಲಕದ, ಅಂದರೆ ಡಿಟೆಕ್ಟರಿನ, ಅಗಲ 2,000 ಪಿಕ್ಸೆಲ್ ಇದ್ದು, ತುಂಡಿನ ಅಗಲ 8 ಮಿಲಿಮೀಟರ್ ಇದ್ದರೆ, ಇಡೀ ತುಂಡು ಚಿತ್ರದೊಳಗೆ ಹಿಡಿಯುವಂತೆ ಮಾಡಿದಾಗ ಒಂದು ವೋಕ್ಸೆಲ್ 4 ಮೈಕ್ರೊಮೀಟರ್ ಆಗುತ್ತದೆ. ಒಂದು ರಚನೆಯನ್ನು ನಂಬಿಕೆಯಿಂದ ಗುರುತಿಸಲು ಅದರ ಅಡ್ಡಗಲದಲ್ಲಿ ಕನಿಷ್ಠ ಎರಡು-ಮೂರು ವೋಕ್ಸೆಲ್ ಬೇಕು. ಅಂದರೆ ಇಲ್ಲಿ 10 ಮೈಕ್ರೊಮೀಟರಿಗಿಂತ ತೆಳ್ಳಗಿರುವ ರೋಮಗಳನ್ನು ಮರೆತುಬಿಡಿ. 300 ಮೈಕ್ರೊಮೀಟರಿನ ಜನನಾಂಗವಾದರೆ ಧಾರಾಳವಾಗಿ ಕಾಣುತ್ತದೆ. ರೆಕ್ಕೆಯ ನಾಳವಿನ್ಯಾಸ ಮಾತ್ರ ಬೇಕಿದ್ದರೆ ಸಿ.ಟಿ.ಗೆ ಹೋಗಲೇಬೇಡಿ, ರೆಕ್ಕೆಯ ಪೊರೆ ಅಷ್ಟು ತೆಳು, ಒಳ್ಳೆಯ ಸೂಕ್ಷ್ಮದರ್ಶಕವೇ ಆ ಕೆಲಸಕ್ಕೆ ಮೇಲು.

ಇದೇ ಹೊತ್ತಿನಲ್ಲಿ ಇನ್ನೊಂದು ನಿರೀಕ್ಷೆಯನ್ನೂ ಬದಿಗಿಡಬೇಕು. ಸಿ.ಟಿ.ಯಲ್ಲಿ ಬಣ್ಣ ಬರುವುದಿಲ್ಲ, ಡಿಎನ್‌ಎ ಅಂತೂ ಇಲ್ಲವೇ ಇಲ್ಲ. 1990ರ ದಶಕದಲ್ಲಿ ಆಂಬರ್ ಕೀಟಗಳಿಂದ ಡಿಎನ್‌ಎ ತೆಗೆದೆವೆಂದು ಬಂದ ವರದಿಗಳನ್ನು ಬೇರೆಯವರು ಮತ್ತೆ ಸಾಧಿಸಿ ತೋರಿಸಲಾಗಲಿಲ್ಲ.

ಹಂತ 2: ತುಂಡು ಅಸಲಿಯೇ, ಎಲ್ಲಿಂದ ಬಂದದ್ದು?

ನಕಲಿ ಆಂಬರ್ ಎಷ್ಟು ಹಳೆಯ ಕಸುಬೋ ಅದನ್ನು ಕಂಡು ಮೋಸಹೋಗುವುದೂ ಅಷ್ಟೇ ಹಳೆಯದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದ್ದ ಬಾಲ್ಟಿಕ್ ಆಂಬರಿನ ನೊಣವೊಂದನ್ನು ತಜ್ಞರು ದಶಕಗಳ ಕಾಲ ನಿಜವೆಂದೇ ನಂಬಿದ್ದರು. ಅದು ಇಂದಿಗೂ ಬದುಕಿರುವ ಸಾಮಾನ್ಯ ನೊಣದ ಪ್ರಭೇದ. ಆಂಬರನ್ನು ಎರಡು ಹೋಳು ಮಾಡಿ, ಒಂದರಲ್ಲಿ ಗುಳಿ ಕೊರೆದು, ನೊಣವನ್ನಿಟ್ಟು ಮತ್ತೆ ಅಂಟಿಸಿದ್ದರೆಂದು 1993ರಲ್ಲಿ ಬಯಲಾಯಿತು. ಅಲ್ಲಿ ಆಂಬರ್ ಅಸಲಿ, ಕೀಟ ಮಾತ್ರ ನಕಲಿ. ಇಂಥ ಜೋಡಣೆಯ ಸೀಳು ಸಿ.ಟಿ. ಅಡ್ಡಕೊಯ್ತದಲ್ಲಿ (ಗಣಕ ಕಟ್ಟಿಕೊಡುವ ಒಳಗಿನ ಒಂದು ಪದರದ ಚಿತ್ರದಲ್ಲಿ) ನೇರ ಗೆರೆಯಾಗಿ ಬೀಳಬಹುದು. ಆದರೂ ಸ್ಕ್ಯಾನಿಗೆ ಮುನ್ನವೇ ಪರೀಕ್ಷಿಸುವುದು ಜಾಣತನ.

ಉಪ್ಪು ಕರಗುವಷ್ಟು ಕರಗಿಸಿದ ನೀರಿನಲ್ಲಿ ಆಂಬರ್ ತೇಲುತ್ತದೆ, ಬೇಕಲೈಟ್ ಮತ್ತು ಅನೇಕ ಪ್ಲಾಸ್ಟಿಕ್‌ಗಳು ಮುಳುಗುತ್ತವೆ. ಎಳೆಯ ರಾಳವಾದ ಕೋಪಲ್ ಕೂಡ ತೇಲುವುದರಿಂದ ಈ ಪರೀಕ್ಷೆಯೊಂದೇ ಸಾಲದು. ನೇರಳಾತೀತ ಬೆಳಕಿನಲ್ಲಿ ಆಂಬರ್ ಸಾಮಾನ್ಯವಾಗಿ ನೀಲಿ ಇಲ್ಲವೆ ಹಸಿರು ಛಾಯೆಯಲ್ಲಿ ಹೊಳೆಯುತ್ತದೆ. ಸೀಳಿ ಅಂಟಿಸಿದ್ದರೆ ಅಂಟಿನ ಗೆರೆ ಬೇರೆ ಬಣ್ಣದಲ್ಲಿ ಕಾಣಬಹುದು. ಕಾಯಿಸಿದ ಸೂಜಿ ಚುಚ್ಚುವ, ಅಸಿಟೋನ್ ಹನಿ ಬಿಡುವ ಪರೀಕ್ಷೆಗಳನ್ನು ಅಧ್ಯಯನದ ಮಾದರಿಯ ಮೇಲೆ ಮಾಡಬಾರದು. ಅವು ಬಿಡಿ ಚೂರುಗಳಿಗಷ್ಟೇ ಸರಿ. ಸಂಶಯ ಉಳಿದರೆ ಅವಕೆಂಪು ವರ್ಣಪಟಲದ ಪರೀಕ್ಷೆಗೆ ಪ್ರಯೋಗಾಲಯಕ್ಕೆ ಕಳಿಸಿ.

ಮೂಲಸ್ಥಳ ಗೊತ್ತಿಲ್ಲದ ತುಂಡಿಗೆ ವಯಸ್ಸಿಲ್ಲ, ವಯಸ್ಸಿಲ್ಲದ ಕೀಟಕ್ಕೆ ಇತಿಹಾಸವಿಲ್ಲ. ಡೊಮಿನಿಕನ್ ಆಂಬರ್ ಸುಮಾರು 1.5ರಿಂದ 2 ಕೋಟಿ ವರ್ಷ ಹಳೆಯದು. ಬಾಲ್ಟಿಕ್ ಆಂಬರ್ ಇಯೊಸೀನ್ ಯುಗದ್ದು, ಸಾಮಾನ್ಯವಾಗಿ 3.4ರಿಂದ 4.8 ಕೋಟಿ ವರ್ಷಗಳ ನಡುವೆ ಎನ್ನುತ್ತಾರೆ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸಿಗುವ ಕ್ಯಾಂಬೆ ಆಂಬರ್ 5 ಕೋಟಿ ವರ್ಷಗಳಿಗೂ ಹಿಂದಿನದು. ಮ್ಯಾನ್ಮಾರಿನ ಕಾಚಿನ್ ಪ್ರಾಂತ್ಯದ್ದು ಸುಮಾರು 9.9 ಕೋಟಿ, ಲೆಬನಾನಿನದು ಇನ್ನೂ ಹಳೆಯದು.

ಕಾಚಿನ್ ಆಂಬರಿನ ವಿಚಾರದಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಕೀಟಗಳ ವೈವಿಧ್ಯದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದು ಸಶಸ್ತ್ರ ಸಂಘರ್ಷದ ನೆಲದಿಂದ ಬರುತ್ತದೆ. 2017ರಲ್ಲಿ ಸೇನೆ ಗಣಿ ಪ್ರದೇಶವನ್ನು ವಶಪಡಿಸಿಕೊಂಡ ಮೇಲೆ ಹೊರಬಂದ ತುಂಡುಗಳ ಬಗ್ಗೆ 2020ರಲ್ಲಿ ಕಶೇರುಕ ಪ್ರಾಗ್ಜೀವಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಂಘವೇ ಆಕ್ಷೇಪವೆತ್ತಿ, ಅವುಗಳ ಮೇಲಿನ ಸಂಶೋಧನೆಯನ್ನು ಪ್ರಕಟಿಸಬೇಡಿರೆಂದು ಪತ್ರಿಕೆಗಳನ್ನು ಕೇಳಿಕೊಂಡಿತು. ಯಾವಾಗ ಹೊರತೆಗೆದದ್ದು, ಯಾರ ಮೂಲಕ ಬಂದದ್ದು ಎಂಬ ಕಾಗದಪತ್ರವಿಲ್ಲದ ತುಂಡನ್ನು ನಾನಾದರೆ ಸ್ಕ್ಯಾನಿಗೆ ಕೂರಿಸುವುದಿಲ್ಲ.

ಹಂತ 3: ಸ್ಕ್ಯಾನಿಗೆ ಮೊದಲು ಛಾಯಾಚಿತ್ರ

ಇದನ್ನು ನಂತರ ಮಾಡೋಣವೆಂದು ಮುಂದೂಡುವವರೇ ಹೆಚ್ಚು. ಮಾಡಬಾರದು. ಪ್ರಬಲ ಎಕ್ಸ್-ರೇ, ಅದರಲ್ಲೂ ಸಿಂಕ್ರೊಟ್ರಾನ್ (ಎಲೆಕ್ಟ್ರಾನುಗಳನ್ನು ಅತಿ ವೇಗವಾಗಿ ಸುತ್ತಿಸಿ ಎಕ್ಸ್-ರೇ ಹೊಮ್ಮಿಸುವ ದೈತ್ಯ ಯಂತ್ರ) ಕೊಡುವ ಕಿರಣ, ಆಂಬರನ್ನು ಕಂದುಗಟ್ಟಿಸಬಲ್ಲದು. ಬಣ್ಣ, ರೆಕ್ಕೆಯ ನಾಳಗಳು, ತೆಳು ರೋಮಗಳು, ಕಣ್ಣಿನ ಮಸೂರಗಳು ಎಲ್ಲವನ್ನೂ ಮೊದಲೇ ಚಿತ್ರದಲ್ಲಿ ಹಿಡಿದಿಡಿ. ಬೇರೆ ಬೇರೆ ಆಳದಲ್ಲಿ ಫೋಕಸ್ ಮಾಡಿ ತೆಗೆದ ಹತ್ತಾರು ಚಿತ್ರಗಳನ್ನು ತಂತ್ರಾಂಶದಲ್ಲಿ ಒಂದಾಗಿಸಿದರೆ ಇಡೀ ಕೀಟ ಸ್ಪಷ್ಟವಾಗಿ ಬರುತ್ತದೆ.

ಮೇಲ್ಮೈ ಗೀಚುಗಳಿಂದ ಮಸುಕಾಗಿದ್ದರೆ ತುಂಡನ್ನು ಗ್ಲಿಸರಿನ್‌ನಲ್ಲಿ ಮುಳುಗಿಸಿ ಮೇಲೊಂದು ಕವರ್ ಗಾಜು ಇಟ್ಟು ನೋಡಿ. ಆಂಬರಿನ ವಕ್ರೀಭವನ ಸೂಚ್ಯಂಕ ಸುಮಾರು 1.54, ಅದಕ್ಕೆ ಹತ್ತಿರದ ದ್ರವ ಗೀಚುಗಳನ್ನು ಅಳಿಸಿಹಾಕುತ್ತದೆ. ಉಜ್ಜಲೇಬೇಕಾದರೆ ನೀರು ಸೋಕಿಸಿದ ನುಣುಪು ಮರಳುಕಾಗದದಿಂದ, ಕೈಯಲ್ಲಿ, ನಿಧಾನವಾಗಿ. ಯಂತ್ರದ ಬಿಸಿಗೆ ಆಂಬರ್ ಸೀಳುತ್ತದೆ. ಶುಚಿಗೊಳಿಸಲು ನೀರು, ಮೃದುವಾದ ಬಟ್ಟೆ ಸಾಕು, ಸ್ಪಿರಿಟ್ ಬೇಡ.

ಸ್ಕ್ಯಾನಿಗಾಗಿ ಹೊಳಪು ಬೇಕಿಲ್ಲ ಎಂಬುದನ್ನು ಮರೆಯಬೇಡಿ. ಒರಟು ತುಂಡೂ ಕಪ್ಪು ತುಂಡೂ ಎಕ್ಸ್-ರೇಗೆ ಒಂದೇ. ಫ್ರಾನ್ಸಿನ ಶಾರಾಂತ್ ಪ್ರದೇಶದಲ್ಲಿ ಬೆಳಕು ಹಾಯದ ಆಂಬರ್ ಹೇರಳವಾಗಿ ಸಿಗುತ್ತದೆ. 2008ರಲ್ಲಿ ಗ್ರೆನೋಬಲ್‌ನ ಯುರೋಪಿಯನ್ ಸಿಂಕ್ರೊಟ್ರಾನ್‌ನಲ್ಲಿ ಅಂಥ 640 ತುಂಡುಗಳನ್ನು ಎಕ್ಸ್-ರೇಯಲ್ಲಿ ನೋಡಿದಾಗ 356 ಪ್ರಾಣಿಗಳು ಸಿಕ್ಕವು. ತುಂಡುಗಳನ್ನು ನೀರಿನಲ್ಲಿ ಮುಳುಗಿಸಿಟ್ಟು ನೆರಳುಚಿತ್ರ ತೆಗೆದದ್ದು ಅಲ್ಲಿನ ಒಂದು ಚತುರ ಉಪಾಯ. ನೀರಿನ ಸಾಂದ್ರತೆ ಆಂಬರಿಗೆ ಹತ್ತಿರವಾದ್ದರಿಂದ ತುಂಡಿನ ಅಂಚು, ಮೇಲಿನ ಬಿರುಕು ಅಡಗಿ ಒಳಗಿನ ಪೊಳ್ಳುಗಳಷ್ಟೇ ಎದ್ದು ಕಾಣುತ್ತವೆ. ಸಾಮಾನ್ಯ ಪ್ರಯೋಗಾಲಯದಲ್ಲೂ ಇದನ್ನು ಅನುಸರಿಸಬಹುದು. ಆಳವಾಗಿ ಬಿರುಕುಬಿಟ್ಟ ತುಂಡುಗಳಿಗೆ ಮಾತ್ರ ಬೇಡ.

ಹಂತ 4: ಯಾವ ಯಂತ್ರ?

ಆಸ್ಪತ್ರೆಯ ಸಿ.ಟಿ. ಈ ಕೆಲಸಕ್ಕೆ ಬಾರದು. ಅದರ ಸ್ಪಷ್ಟತೆ ಮಿಲಿಮೀಟರಿನ ಆಸುಪಾಸಿನದು, ಇಡೀ ಕೀಟವೇ ನಾಲ್ಕಾರು ವೋಕ್ಸೆಲ್‌ಗಳಲ್ಲಿ ಮುಗಿದುಹೋಗುತ್ತದೆ. ಬೇಕಾದದ್ದು ಮೈಕ್ರೊ-ಸಿ.ಟಿ. ಭೂವಿಜ್ಞಾನ, ವಸ್ತುವಿಜ್ಞಾನ, ಮೂಳೆ ಸಂಶೋಧನೆಯ ವಿಭಾಗಗಳಲ್ಲಿ ಇದು ಇರುತ್ತದೆ. ಕೀಟಶಾಸ್ತ್ರ ವಿಭಾಗದಲ್ಲಿ ಹುಡುಕುವ ಬದಲು ಅಲ್ಲಿ ವಿಚಾರಿಸಿ.

ಸಾಮಾನ್ಯ ಮೈಕ್ರೊ-ಸಿ.ಟಿ.ಯಲ್ಲಿ ಹಿಗ್ಗಿಸುವಿಕೆ ಬರುವುದು ದೂರಗಳಿಂದ. ಎಕ್ಸ್-ರೇ ಮೂಲದಿಂದ ಮಾದರಿಗೆ 20 ಮಿಲಿಮೀಟರ್, ಡಿಟೆಕ್ಟರಿಗೆ 400 ಮಿಲಿಮೀಟರ್ ಇದ್ದರೆ ನೆರಳು 20 ಪಟ್ಟು ದೊಡ್ಡದಾಗಿ ಬೀಳುತ್ತದೆ. ಡಿಟೆಕ್ಟರಿನ ಪಿಕ್ಸೆಲ್ 100 ಮೈಕ್ರೊಮೀಟರ್ ಆಗಿದ್ದರೆ ವೋಕ್ಸೆಲ್ 5 ಮೈಕ್ರೊಮೀಟರ್. ಹಾಗೆಂದು ಮಾದರಿಯನ್ನು ಎಷ್ಟು ಬೇಕಾದರೂ ಮೂಲದ ಹತ್ತಿರಕ್ಕೆ ತರಲಾಗದು. ತುಂಡು ತಿರುಗುವಾಗ ಟ್ಯೂಬಿಗೆ ತಗುಲಬಾರದಲ್ಲ! ದೊಡ್ಡ ತುಂಡಿನ ನಡುವೆ ಪುಟ್ಟ ಕೀಟ ಕುಳಿತಿದ್ದರೆ ಈ ಮಿತಿ ಬಹಳ ಕಾಡುತ್ತದೆ. ಝೈಸ್ ಎಕ್ಸ್‌ರೇಡಿಯಾ ವರ್ಸಾದಂಥ ಯಂತ್ರಗಳಲ್ಲಿ ಎಕ್ಸ್-ರೇಯನ್ನು ಬೆಳಕಾಗಿ ಬದಲಿಸಿದ ಮೇಲೆ ಮಸೂರಗಳಿಂದಲೂ ಹಿಗ್ಗಿಸುವುದರಿಂದ ಮಾದರಿ ಸ್ವಲ್ಪ ದೂರವಿದ್ದರೂ ಒಳ್ಳೆಯ ಸ್ಪಷ್ಟತೆ ಸಿಗುತ್ತದೆ. ಆಂಬರ್ ಅಧ್ಯಯನಗಳಲ್ಲಿ ಇವು ಮತ್ತೆ ಮತ್ತೆ ಕಾಣಿಸಿಕೊಳ್ಳಲು ಅದೂ ಒಂದು ಕಾರಣ.

ಸಿಂಕ್ರೊಟ್ರಾನ್ ಬೇರೆಯದೇ ಮಟ್ಟದ್ದು. ಹ್ಯಾಂಬರ್ಗಿನ ಪೆಟ್ರಾ-3, ಗ್ರೆನೋಬಲ್, ಜಪಾನಿನ ಸ್ಪ್ರಿಂಗ್-8ರಂಥ ಕೇಂದ್ರಗಳ ಕಿರಣ ಅತ್ಯಂತ ತೀವ್ರ, ಒಂದೇ ಶಕ್ತಿಯ ಕಿರಣವನ್ನು ಆಯ್ದುಕೊಳ್ಳಬಹುದು. ಫೇಸ್ ಕಾಂಟ್ರಾಸ್ಟ್ ಸಿಗುವುದು ಅದಕ್ಕಿಂತ ಮುಖ್ಯ. ಎಕ್ಸ್-ರೇ ಅಲೆ ಎರಡು ವಸ್ತುಗಳ ಗಡಿ ದಾಟುವಾಗ ತುಸುವೇ ಹಿಂದುಮುಂದಾಗುತ್ತದೆ. ಮಾದರಿಗೂ ಡಿಟೆಕ್ಟರಿಗೂ ಸಾಕಷ್ಟು ಅಂತರವಿಟ್ಟರೆ ಆ ವ್ಯತ್ಯಾಸ ಅಂಚುಗಳಲ್ಲಿ ಗೆರೆಯಾಗಿ ಮೂಡುತ್ತದೆ. ಹೀರಿಕೆಯಲ್ಲಿ ಒಂದೇ ಎನಿಸುವ ಕವಚ ಮತ್ತು ರಾಳ ಆಗ ಬೇರೆಯಾಗಿ ಕಾಣುತ್ತವೆ. ಬಾಲ್ಟಿಕ್ ಆಂಬರಿನ 4.2 ಕೋಟಿ ವರ್ಷ ಹಳೆಯ ಮೆಂಗಿಯಾ ಟರ್ಷಿಯಾರಿಯಾ ಎಂಬ ಪರಾವಲಂಬಿ ಕೀಟದ ಒಳಾಂಗಗಳನ್ನು 2010ರಲ್ಲಿ ಸಂಶೋಧಕರು ಸಿ.ಟಿ.ಯಿಂದ ಮರುರಚಿಸಿದರು. ಹೊರಗಿನ ಆಕಾರಕ್ಕಷ್ಟೇ ನಿಲ್ಲದೆ ಅಂಗರಚನೆಗೂ ಇಳಿಯಬಹುದೆಂಬುದಕ್ಕೆ ಅದು ಒಳ್ಳೆಯ ಉದಾಹರಣೆ. ಆದರೆ ಸಿಂಕ್ರೊಟ್ರಾನ್ ಸಮಯಕ್ಕೆ ತಿಂಗಳುಗಳ ಮೊದಲೇ ಪ್ರಸ್ತಾವ ಬರೆಯಬೇಕು, ಸ್ಪರ್ಧೆ ಇರುತ್ತದೆ. ಮೊದಲು ಪ್ರಯೋಗಾಲಯದ ಯಂತ್ರದಲ್ಲಿ ನೋಡಿ, ಅದು ಸೋತ ಮಾದರಿಗಳನ್ನು ಮಾತ್ರ ಅಲ್ಲಿಗೆ ಒಯ್ಯುವುದು ಸರಿಯಾದ ಕ್ರಮ.

ಹಂತ 5: ತುಂಡನ್ನು ಕೂರಿಸುವುದು

ಅಲುಗಿದರೆ ಎಲ್ಲವೂ ಹಾಳು. ಗಂಟೆಗಟ್ಟಲೆ ನಡೆಯುವ ಸ್ಕ್ಯಾನಿನಲ್ಲಿ ತುಂಡು ಕೆಲವೇ ಮೈಕ್ರೊಮೀಟರ್ ಜಾರಿದರೂ ಪ್ರತಿ ಕಾಲಿಗೂ ಜೋಡಿ ಅಂಚು ಬರುತ್ತದೆ. ಹಿಡಿಕೆಯ ವಸ್ತು ಆಂಬರಿಗಿಂತ ಹಗುರವಾಗಿರಬೇಕು. ಸ್ಪಂಜಿನಂಥ ಪಾಲಿಸ್ಟೈರೀನ್ ಫೋಮಿನಲ್ಲಿ ತುಂಡಿನ ಆಕಾರದ ಗುಳಿ ಕೊರೆದು ಕೂರಿಸುವುದು ಅಗ್ಗದ, ನಂಬಿಕೆಯ ವಿಧಾನ. ಪುಟ್ಟ ತುಂಡುಗಳಾದರೆ ಪ್ಲಾಸ್ಟಿಕ್ ಕೊಳವೆ ಅಥವಾ ಇಂಗಾಲದ ಕಡ್ಡಿಯ ತುದಿಗೆ ದಂತವೈದ್ಯರ ಮೇಣದ ಚೂರಿನಿಂದ ಅಂಟಿಸಬಹುದು. ತಕ್ಷಣ ಗಟ್ಟಿಯಾಗುವ ಅಂಟು, ಬಿಸಿ ಅಂಟು ಎರಡೂ ನಿಷಿದ್ಧ.

ಚಪ್ಪಟೆ ತುಂಡನ್ನು ಮಲಗಿಸಬೇಡಿ, ನಿಲ್ಲಿಸಿ. ಉದ್ದದ ಅಕ್ಷ ತಿರುಗುವ ಅಕ್ಷದ ಜೊತೆ ಸಾಗಬೇಕು, ಆಗ ಅಗಲ ಕಡಿಮೆಯಾಗಿ ಮೂಲಕ್ಕೆ ಹತ್ತಿರ ಹೋಗಬಹುದು. ಮಾದರಿ ಕೂರಿಸಿದ ಮೇಲೆ ಯಂತ್ರದ ಕೋಣೆಯ ಉಷ್ಣತೆಗೆ ಹೊಂದಿಕೊಳ್ಳಲು ಅದನ್ನು ಸ್ವಲ್ಪ ಹೊತ್ತು ಹಾಗೇ ಬಿಡಿ. ಮೇಣ, ಫೋಮು ಎರಡೂ ಮೊದಲ ಹೊತ್ತಿನಲ್ಲಿ ಮೆಲ್ಲಗೆ ಕುಸಿಯುತ್ತವೆ.

ಹಂತ 6: ಒಂದು ನೆರಳುಚಿತ್ರ, ಆಮೇಲೆ ಸ್ಕ್ಯಾನ್

ಪೂರ್ಣ ಸ್ಕ್ಯಾನಿಗೆ ಗಂಟೆಗಳು ಹಿಡಿಯುತ್ತವೆ. ಒಂದೇ ನೆರಳುಚಿತ್ರಕ್ಕೆ ಕೆಲವು ಸೆಕೆಂಡು. ಮೊದಲು ಅದನ್ನು ತೆಗೆದು, ತುಂಡನ್ನು 90 ಡಿಗ್ರಿ ತಿರುಗಿಸಿ ಇನ್ನೊಂದನ್ನು ತೆಗೆಯಿರಿ. ಎರಡರಲ್ಲೂ ಕೀಟದ ಸುಳಿವೇ ಇಲ್ಲದಿದ್ದರೆ ಸಾಮಾನ್ಯವಾಗಿ ಒಳಗೆ ರಾಳ ತುಂಬಿದೆ ಎಂದೇ ಅರ್ಥ. ಚಿಕ್ಕ ಕೀಟವಾದರೆ ಕಡಿಮೆ ಚಿತ್ರಗಳ ಒಂದು ತ್ವರಿತ ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಳ್ಳಿ. ಸುಳಿವು ಕಂಡರೆ ಮುಂದುವರಿಯಿರಿ.

ವೋಲ್ಟೇಜ್ ಕಡಿಮೆಯಿರಲಿ. ಹಗುರ ಮೂಲವಸ್ತುಗಳ ನಡುವಿನ ವ್ಯತ್ಯಾಸ ಕಡಿಮೆ ಶಕ್ತಿಯ ಎಕ್ಸ್-ರೇಯಲ್ಲೇ ಹೆಚ್ಚು. ಆಂಬರಿಗೆ 40ರಿಂದ 60 ಕಿಲೋವೋಲ್ಟ್‌ನಿಂದ ಆರಂಭಿಸುವುದು ವಾಡಿಕೆ. ಕಲ್ಲು, ಮೂಳೆ ನೋಡಿ ಅಭ್ಯಾಸವಾದ ಯಂತ್ರಚಾಲಕರು 100ಕ್ಕೂ ಮೇಲೆ ಇಟ್ಟು ಕಡಿಮೆ ಶಕ್ತಿಯ ಕಿರಣವನ್ನು ತಡೆಯುವ ತಾಮ್ರದ ಸೋಸುತಗಡನ್ನೂ ಹಾಕಲು ಹೋಗುತ್ತಾರೆ, ವಿನಯದಿಂದ ತಡೆಯಿರಿ. ಪೈರೈಟ್ ತುಂಬಿದ ಮಾದರಿಗೆ ಮಾತ್ರ ಅವರ ರೀತಿಯೇ ಸರಿ. ಟ್ಯೂಬಿನ ವಿದ್ಯುತ್ ಸಾಮರ್ಥ್ಯವನ್ನು ಏರಿಸಿದರೆ ಕಿರಣ ಹೊಮ್ಮುವ ಬಿಂದು ಹಿಗ್ಗಿ ಚಿತ್ರ ಮಸುಕಾಗುತ್ತದೆ, ಆದ್ದರಿಂದ ಆ ಬಿಂದು ವೋಕ್ಸೆಲ್‌ಗಿಂತ ದೊಡ್ಡದಾಗದ ಹಾಗೆ ನೋಡಿಕೊಳ್ಳಿ.

ಎಷ್ಟು ನೆರಳುಚಿತ್ರ ಬೇಕು? ಮಾದರಿಯ ನೆರಳು ಡಿಟೆಕ್ಟರಿನಲ್ಲಿ ಆವರಿಸುವ ಪಿಕ್ಸೆಲ್ ಅಗಲವನ್ನು 1.57ರಿಂದ ಗುಣಿಸಿ. 2,000 ಪಿಕ್ಸೆಲ್ ಎಂದರೆ ಸುಮಾರು 3,140 ಚಿತ್ರ. ಇದಕ್ಕಿಂತ ತೀರ ಕಡಿಮೆಯಾದರೆ ಅಂಚಿನ ಕಡೆ ಗೆರೆಗಳು ಏಳುತ್ತವೆ. ಪ್ರತಿ ಚಿತ್ರಕ್ಕೆ ಕೊಡುವ ಸಮಯದ ಲೆಕ್ಕ ಮಾತ್ರ ನಿಷ್ಠುರ: ಚಿತ್ರದ ಗದ್ದಲವನ್ನು (ಎಲ್ಲೆಡೆ ಹರಡುವ ಚುಕ್ಕೆಚುಕ್ಕೆ ಮಸುಕನ್ನು) ಅರ್ಧಕ್ಕಿಳಿಸಲು ಸಮಯ ನಾಲ್ಕು ಪಟ್ಟು ಬೇಕು. ಸ್ಕ್ಯಾನ್ ಶುರುವಾಗುವ ಮುನ್ನ ಮಾದರಿಯಿಲ್ಲದ ಖಾಲಿ ಚಿತ್ರಗಳನ್ನೂ ಕಿರಣ ನಿಲ್ಲಿಸಿದ ಕಪ್ಪು ಚಿತ್ರಗಳನ್ನೂ ತೆಗೆದಿಡಬೇಕು. ಡಿಟೆಕ್ಟರಿನ ದೋಷ ತಿದ್ದಲು ಅವೇ ಆಧಾರ. ಮುಗಿದ ಮೇಲೆ ಸೊನ್ನೆ ಡಿಗ್ರಿಯ ಚಿತ್ರವನ್ನು ಮತ್ತೊಮ್ಮೆ ತೆಗೆದು ಮೊದಲಿನದರ ಜೊತೆ ಹೋಲಿಸಿ. ಎರಡೂ ತಾಳೆಯಾಗದಿದ್ದರೆ ತುಂಡು ಅಲುಗಿದೆ. ಮಾದರಿ ಯಂತ್ರದಲ್ಲೇ ಇರುವಾಗ ಇದು ತಿಳಿದರೆ ಒಳ್ಳೆಯದು.

ಹಂತ 7: ಪುನಾರಚನೆ

ನೆರಳುಚಿತ್ರಗಳಿಂದ ಅಡ್ಡಕೊಯ್ತಗಳನ್ನು ಕಟ್ಟುವ ಕೆಲಸ ಯಂತ್ರದ ತಂತ್ರಾಂಶವೇ ಮಾಡುತ್ತದೆ. ಶಂಕುವಿನಾಕಾರದ ಕಿರಣಕ್ಕೆ ಸಾಮಾನ್ಯವಾಗಿ ಬಳಕೆಯಲ್ಲಿರುವುದು 1984ರಲ್ಲಿ ಬಂದ ಫೆಲ್ಡ್‌ಕ್ಯಾಂಪ್ ವಿಧಾನ. ನೀವು ಗಮನಿಸಬೇಕಾದದ್ದು ಎರಡು. ತಿರುಗುವ ಅಕ್ಷದ ಸ್ಥಾನ ಸ್ವಲ್ಪ ತಪ್ಪಿದರೂ ಅಂಚುಗಳು ಕವಲೊಡೆಯುತ್ತವೆ, ಅದನ್ನು ಒಂದೇ ಅಡ್ಡಕೊಯ್ತದಲ್ಲಿ ಹಲವು ಬೆಲೆ ಕೊಟ್ಟು ನೋಡಿ ಸರಿಮಾಡಬೇಕು. ನಡುವಿನಲ್ಲಿ ಒಂದರ ಸುತ್ತ ಒಂದು ಉಂಗುರಗಳು ಕಂಡರೆ ಡಿಟೆಕ್ಟರಿನ ಕೆಟ್ಟ ಪಿಕ್ಸೆಲ್‌ಗಳ ಫಲ, ಅವಕ್ಕೆ ತಿದ್ದುಪಡಿ ಇದೆ. ಫೇಸ್ ಕಾಂಟ್ರಾಸ್ಟ್ ಚಿತ್ರಗಳಿಗೆ ಪಗಾನಿನ್ ಸೋಸುವಿಕೆ ಎಂಬ ಗಣಕದ ಸಂಸ್ಕರಣೆಯನ್ನು ಬಳಸಿದರೆ ಕವಚ ಮತ್ತು ರಾಳದ ವ್ಯತ್ಯಾಸ ಚೆನ್ನಾಗಿ ಏಳುತ್ತದೆ, ಆದರೆ ಅತಿಯಾದರೆ ಸೂಕ್ಷ್ಮ ರೋಮಗಳು ಕರಗಿಹೋಗುತ್ತವೆ. ಸೋಸಿದ್ದು, ಸೋಸದ್ದು ಎರಡನ್ನೂ ಉಳಿಸಿಕೊಳ್ಳಿ.

ಎಲ್ಲಿ ಉಳಿಸುವುದು ಎಂಬುದನ್ನು ಮೊದಲೇ ಯೋಚಿಸಿರಬೇಕು. ಪ್ರತಿ ಬದಿಗೆ 2,000 ವೋಕ್ಸೆಲ್ ಇರುವ ಘನಕ್ಕೆ 16 ಬಿಟ್‌ನಲ್ಲಿ 16 ಗಿಗಾಬೈಟ್ ಬೇಕು. ಮೂಲ ನೆರಳುಚಿತ್ರಗಳು ಸೇರಿದರೆ ಒಂದು ಕೀಟಕ್ಕೆ 40 ಗಿಗಾಬೈಟ್ ದಾಟುತ್ತದೆ.

ಹಂತ 8: ಕೀಟವನ್ನು ರಾಳದಿಂದ ಬಿಡಿಸುವುದು

ನಿಜವಾದ ಕೆಲಸ ಇಲ್ಲಿಂದ ಆರಂಭ. ಸ್ಕ್ಯಾನ್ ಒಂದು ದಿನದ್ದಾದರೆ ಇದು ವಾರಗಳದ್ದು. ಪ್ರತಿ ಅಡ್ಡಕೊಯ್ತದಲ್ಲಿ ಯಾವ ವೋಕ್ಸೆಲ್ ಕೀಟದ್ದು, ಯಾವುದು ರಾಳದ್ದು, ಯಾವುದು ಗುಳ್ಳೆಯದು ಎಂದು ಗುರುತು ಹಾಕಬೇಕು. ಅವಿಜೊ, ವಿಜಿ ಸ್ಟುಡಿಯೊ ದುಬಾರಿ ತಂತ್ರಾಂಶಗಳು. 3ಡಿ ಸ್ಲೈಸರ್, ಫಿಜಿ, ದೃಷ್ಟಿ, ಸ್ಪಿಯರ್ಸ್ ಉಚಿತ. ಡ್ರಾಗನ್‌ಫ್ಲೈ ವಾಣಿಜ್ಯೇತರ ಸಂಶೋಧನೆಗೆ ಉಚಿತವಾಗಿ ಸಿಗುತ್ತದೆ. ಹೊಸಬರಿಗೆ 3ಡಿ ಸ್ಲೈಸರ್ ಸಾಕೆಂಬುದು ನನ್ನ ಅಭಿಪ್ರಾಯ.

ಮೊದಲು ಬೂದುಬಣ್ಣದ ಒಂದು ಮಿತಿ ಹಾಕಿ, ಅದಕ್ಕಿಂತ ಕಪ್ಪಾಗಿರುವುದೆಲ್ಲವನ್ನೂ ಆರಿಸಿ. ಟೊಳ್ಳು ಕೀಟ ಇಡಿಯಾಗಿ ಬರುತ್ತದೆ, ಅದರೊಡನೆ ಪ್ರತಿ ಗುಳ್ಳೆಯೂ ಬಿರುಕೂ ಹೊರಗಿನ ಗಾಳಿಯೂ ಬರುತ್ತವೆ. ಗುಳ್ಳೆಗಳು ಬಿಡಿಯಾಗಿದ್ದರೆ ತೆಗೆಯುವುದು ಸುಲಭ. ಬಿರುಕುಗಳು ದೇಹಕ್ಕೆ ತಾಗಿಕೊಂಡೇ ಹಾದುಹೋಗುವುದರಿಂದ ಅಲ್ಲಿ ಕೈಯಲ್ಲೇ ಗೆರೆ ಎಳೆಯಬೇಕು. ಬಯೋಮೆಡಿಸಾದಂಥ ಸಾಧನಗಳಲ್ಲಿ ಹತ್ತಿಪ್ಪತ್ತು ಅಡ್ಡಕೊಯ್ತಗಳಿಗೊಮ್ಮೆ ಗುರುತು ಹಾಕಿದರೆ ನಡುವಿನವನ್ನು ಗಣಕವೇ ತುಂಬುತ್ತದೆ. ಆದರೂ ಒಂದೊಂದನ್ನೂ ತಿರುಗಿ ನೋಡಲೇಬೇಕು, ಏಕೆಂದರೆ ಕಾಲಿನ ಗೆಣ್ಣಿನಲ್ಲಿ, ಕುಡಿಮೀಸೆಯ ಬುಡದಲ್ಲಿ ಅದು ಧೈರ್ಯವಾಗಿ ತಪ್ಪು ಮಾಡುತ್ತದೆ.

ಇಲ್ಲಿ ಬೇಕಾದದ್ದು ಶಿಸ್ತು. ಕುಡಿಮೀಸೆ ನಡುವೆ ಕಡಿದುಹೋದಂತೆ ಕಂಡರೆ ಅದನ್ನು ಕೂಡಿಸಲು ಕೈ ತುರಿಸುತ್ತದೆ. ಆ ಕುಟುಂಬದಲ್ಲಿ ಹನ್ನೊಂದು ಗೆಣ್ಣು ಇರಬೇಕೆಂದು ಗೊತ್ತಿದ್ದರಂತೂ ಹನ್ನೊಂದನ್ನೂ ಬಿಡಿಸಿಬಿಡುವ ಆಸೆ. ಹಾಗೆ ಮಾಡಿದರೆ ಮಾದರಿಯಲ್ಲಿ ಇರುವುದು ಪಠ್ಯಪುಸ್ತಕವೇ ಹೊರತು ಪಳೆಯುಳಿಕೆ ಅಲ್ಲ. ದತ್ತಾಂಶ ತೋರಿಸಿದ್ದನ್ನು ಒಂದು ಬಣ್ಣದಲ್ಲಿ, ನೀವು ಊಹಿಸಿ ಕೂಡಿಸಿದ್ದನ್ನು ಬೇರೆ ಬಣ್ಣದಲ್ಲಿ ಗುರುತಿಸಿ, ಕೊನೆಯ ಚಿತ್ರದಲ್ಲೂ ಆ ವ್ಯತ್ಯಾಸ ಉಳಿಸಿ. ಸಾಧ್ಯವಿದ್ದರೆ ಇನ್ನೊಬ್ಬರಿಂದ ಅದೇ ಭಾಗವನ್ನು ಸ್ವತಂತ್ರವಾಗಿ ಗುರುತು ಹಾಕಿಸಿ, ಎರಡನ್ನೂ ಹೋಲಿಸಿ.

ದೇಹದ ಒಡಲಿಗಷ್ಟೇ ಗಮನ ಕೊಟ್ಟು ಅಂಚುಗಳನ್ನು ಬಿಟ್ಟುಬಿಡಬೇಡಿ. ಬಾಲ್ಟಿಕ್ ಆಂಬರಿನ ಜೇಡವೊಂದರ ಮೇಲೆ ಸವಾರಿ ಮಾಡುತ್ತಿದ್ದ 176 ಮೈಕ್ರೊಮೀಟರ್ ಉದ್ದದ ನುಸಿಯನ್ನು ಸಿ.ಟಿ.ಯಿಂದಲೇ ವಿವರವಾಗಿ ಕಾಣಲು ಸಾಧ್ಯವಾಯಿತು.

ಹಂತ 9: ಕಂಡದ್ದನ್ನು ಓದುವುದು

ಮೂರು ಆಯಾಮದ ಮಾದರಿ ಪರದೆಯ ಮೇಲೆ ತಿರುಗುವಾಗ ಅದನ್ನು ನಂಬದಿರುವುದು ಕಷ್ಟ. ಅದಕ್ಕೇ ಒಂದು ಪ್ರಸಂಗ ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ಮ್ಯಾನ್ಮಾರಿನ ಆಂಬರಿನಲ್ಲಿದ್ದ ಪುಟ್ಟ ತಲೆಬುರುಡೆಯೊಂದನ್ನು ಸಿಂಕ್ರೊಟ್ರಾನ್ ಸ್ಕ್ಯಾನ್ ಆಧಾರದಲ್ಲಿ ಅತಿ ಚಿಕ್ಕ ಡೈನೋಸಾರ್-ಪಕ್ಷಿ ಎಂದು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಯುಲುಡೆಂಟಾವಿಸ್ ಎಂದು ಹೆಸರಿಡಲಾಯಿತು. ಅದೇ ಜುಲೈನಲ್ಲಿ ಆ ಪ್ರಬಂಧವನ್ನು ಹಿಂಪಡೆಯಬೇಕಾಯಿತು. ಅದೇ ಕುಲದ ಇನ್ನೊಂದು, ಹೆಚ್ಚು ಪೂರ್ಣವಾದ ಮಾದರಿ ಅದು ಹಲ್ಲಿಯ ಜಾತಿಯದೆಂದು ತೋರಿಸಿತು. ಸ್ಕ್ಯಾನಿನಲ್ಲಿ ದೋಷವಿರಲಿಲ್ಲ, ದೋಷವಿದ್ದದ್ದು ಓದಿನಲ್ಲಿ. ಅದು ಕೀಟವಲ್ಲದಿದ್ದರೂ ಎಚ್ಚರಿಕೆ ನಮಗೂ ಅದೇ.

ಕೀಟಗಳಲ್ಲಿ ಮೋಸಗೊಳಿಸುವ ಸಂಗತಿಗಳು ಬೇರೆ. ರಾಳದ ಹರಿವು ಕಾಲುಗಳನ್ನು ಎಳೆದು ತಿರುಚಿರುತ್ತದೆ, ಒತ್ತಡ ದೇಹವನ್ನು ಚಪ್ಪಟೆಯಾಗಿಸಿರುತ್ತದೆ. ಎಡಬಲ ಹೋಲಿಸದೆ ಅಳತೆ ಕೊಡಬಾರದು. ಉದರದೊಳಗಿನ ಮುದ್ದೆ ಸ್ನಾಯುವೂ ಆಗಬಹುದು, ಕುಗ್ಗಿದ ಕರುಳೂ ಆಗಬಹುದು, ಬರಿಯ ಖನಿಜವೂ ಆಗಬಹುದು. ಇನ್ನೊಂದು ಸೂಕ್ಷ್ಮ ಇದೆ: ನೀವು ಗುರುತಿಸಿದ್ದು ಪೊಳ್ಳನ್ನಾದರೆ, ನಿಮ್ಮ ಮಾದರಿಯ ಮೇಲ್ಮೈ ರಾಳದಲ್ಲಿ ಮೂಡಿದ ಕೀಟದ ಅಚ್ಚು. ಕುಗ್ಗಿದ ಕವಚ ಅದರೊಳಗೆ ಬೇರೆಯಾಗಿ ತೇಲುತ್ತಿರಬಹುದು. ಎರಡರ ಅಳತೆ ಬೇರೆ ಬೇರೆ ಬಂದರೆ ಗಾಬರಿ ಬೇಡ. ಯಾವುದನ್ನು ಅಳೆದಿರೆಂದು ಬರೆದರೆ ಸಾಕು.

ಸಿ.ಟಿ.ಯೊಂದನ್ನೇ ನೆಚ್ಚದ ಅಧ್ಯಯನಗಳೇ ಗಟ್ಟಿಯಾಗಿ ನಿಲ್ಲುತ್ತವೆ. 2019ರಲ್ಲಿ ವಿವರಿಸಿದ ಆಂಜಿಮೊರ್ಡೆಲ್ಲಾ ಬರ್ಮಿಟಿನಾ ಎಂಬ 9.9 ಕೋಟಿ ವರ್ಷ ಹಳೆಯ ಜೀರುಂಡೆಯ ಮೈಮೇಲಿನ ಪರಾಗರೇಣುಗಳನ್ನು ಸೂಕ್ಷ್ಮದರ್ಶಕದಿಂದ ಗುರುತಿಸಿದರು, ಹೂವಿಗೆ ಹೋಗಲು ಹೊಂದಿಕೊಂಡ ಅದರ ಬಾಗಿದ ದೇಹದ ಆಕಾರವನ್ನು ಮೈಕ್ರೊ-ಸಿ.ಟಿ.ಯಿಂದ ತೋರಿಸಿದರು. ಎರಡೂ ಸೇರಿದಾಗಲೇ ಅದು ಹೂಬಿಡುವ ಗಿಡಗಳ ಪರಾಗಸ್ಪರ್ಶ ಮಾಡುತ್ತಿತ್ತೆಂಬ ವಾದ ಗಟ್ಟಿಯಾದದ್ದು.

ಹಂತ 10: ಪ್ರಕಟಣೆ, ದತ್ತಾಂಶ, ತುಂಡಿನ ಮುಂದಿನ ಗತಿ

ಹೊಸ ಪ್ರಭೇದವೆಂದು ಹೆಸರಿಡುವುದಾದರೆ ಹೆಸರನ್ನು ಹೊರುವುದು ಆಂಬರಿನೊಳಗಿನ ಆ ಕೀಟವೇ, ಗಣಕದ ಮಾದರಿ ಅಲ್ಲ. ಆದ್ದರಿಂದ ತುಂಡು ಎಲ್ಲರಿಗೂ ನೋಡಲು ಸಿಗುವ ವಸ್ತುಸಂಗ್ರಹಾಲಯದಲ್ಲಿ, ದಾಖಲೆ ಸಂಖ್ಯೆಯೊಡನೆ ಇರಬೇಕು. ಖಾಸಗಿ ಕಪಾಟಿನಲ್ಲಿರುವ ಮಾದರಿಗೆ ಹೆಸರಿಟ್ಟರೆ ಮುಂದೆ ಯಾರೂ ಅದನ್ನು ಪರಿಶೀಲಿಸಲಾರರು. ವಿದ್ಯುನ್ಮಾನ ಪತ್ರಿಕೆಯಲ್ಲಿ ಪ್ರಕಟಿಸುವುದಾದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿ ಕಡ್ಡಾಯ.

ಪ್ರಬಂಧದಲ್ಲಿ ಯಂತ್ರ, ವೋಲ್ಟೇಜ್, ಸಾಮರ್ಥ್ಯ, ಸೋಸುತಗಡು, ಚಿತ್ರಗಳ ಸಂಖ್ಯೆ, ಪ್ರತಿ ಚಿತ್ರದ ಸಮಯ, ವೋಕ್ಸೆಲ್ ಗಾತ್ರ, ಪುನಾರಚನೆಯ ವಿಧಾನ, ಬಳಸಿದ ತಂತ್ರಾಂಶದ ಆವೃತ್ತಿ ಎಲ್ಲವನ್ನೂ ಬರೆಯಿರಿ. ಅಡ್ಡಕೊಯ್ತಗಳ ಪೂರ್ಣ ಸರಣಿಯನ್ನು ಮಾರ್ಫೋಸೋರ್ಸ್ ಅಥವಾ ಝೆನೋಡೊದಂಥ ಭಂಡಾರಕ್ಕೆ ಸೇರಿಸಿ. ಹೊಳೆಯುವ ಮಾದರಿಯನ್ನಷ್ಟೇ ಕೊಟ್ಟು ಅಡ್ಡಕೊಯ್ತಗಳನ್ನು ತಡೆಹಿಡಿಯುವ ರೂಢಿ ಇನ್ನೂ ಇದೆ. ಓದಿನಲ್ಲಿ ತಪ್ಪಿದ್ದರೆ ಹಿಡಿಯಲು ಬೇಕಾದದ್ದು ಆ ಅಡ್ಡಕೊಯ್ತಗಳೇ.

ತುಂಡನ್ನು ಮೇಣದಿಂದ ಬಿಡಿಸಿದ ಮೇಲೆ ಅದೇ ಬೆಳಕಿನಲ್ಲಿ ಮತ್ತೊಮ್ಮೆ ಛಾಯಾಚಿತ್ರ ತೆಗೆದು ಹಳೆಯದರ ಜೊತೆ ಹೋಲಿಸಿ, ಬಣ್ಣ ಬದಲಾಗಿದ್ದರೆ ದಾಖಲಿಸಿ. ಬೆಳಕು, ಆಮ್ಲಜನಕ, ಏರಿಳಿಯುವ ತೇವಾಂಶ ಆಂಬರಿನ ಮೇಲ್ಮೈಯನ್ನು ಬಿರುಕುಗೊಳಿಸುತ್ತವೆ. ಕತ್ತಲಲ್ಲಿ, ತಂಪಾದ, ಸಮ ತೇವಾಂಶದ ಕಡೆ ಮುಚ್ಚಿಡಿ. ಆಗಲೇ ಬಿರುಕು ಬಿಡುತ್ತಿದ್ದರೆ ನಿರ್ವಾತದಲ್ಲಿ ಎಪಾಕ್ಸಿ ತುಂಬಿಸುವ ಸಂರಕ್ಷಣಾ ವಿಧಾನವಿದೆ. ಅದನ್ನು ಅನುಭವಿಗಳಿಂದ ಮಾಡಿಸಿ, ಸ್ಕ್ಯಾನ್ ಆದ ಮೇಲೆ ಮಾಡಿಸಿ. ಪೊಳ್ಳಿನವರೆಗೆ ಬಿರುಕು ತಲುಪಿದ್ದರೆ ಎಪಾಕ್ಸಿ ಒಳನುಗ್ಗಿ ಸ್ಕ್ಯಾನಿಗೆ ಬೇಕಾದ ಗಾಳಿಯ ಜಾಗವನ್ನೇ ತುಂಬಿಬಿಡಬಹುದು. ತುಂಡಿನ ಜೊತೆಗಿಡುವ ಚೀಟಿಯಲ್ಲಿ ಸ್ಕ್ಯಾನಿನ ದಿನಾಂಕ, ಯಂತ್ರ, ವೋಲ್ಟೇಜ್, ಒಟ್ಟು ಅವಧಿ, ದತ್ತಾಂಶವಿರುವ ಭಂಡಾರದ ಸಂಖ್ಯೆ ಇಷ್ಟನ್ನು ಬರೆದು ಸೇರಿಸಿ, ಮುಂದೆ ಇದೇ ತುಂಡಿಗೆ ಇನ್ನೊಮ್ಮೆ ಎಕ್ಸ್-ರೇ ಹಾಯಿಸಬೇಕೆ ಎಂದು ಯೋಚಿಸುವವರಿಗೆ ಬೇಕಾಗುತ್ತದೆ.